ನನ್ನ ಅಕ್ಕನ ಸುಸ್ತಿಗೆ ಕೊಟ್ಟ ಸುಳ್ಳು ಹೆಸರು: ಆರೋಗ್ಯ ಸಚಿವರಿಗೊಂದು ಬಹಿರಂಗ ಪತ್ರ

ಗೆ,
ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ಮಾನ್ಯರೇ, ನಮಸ್ಕಾರ.

ನಮ್ಮ ಮನೆಯಲ್ಲಿ ದೇವರ ಗೂಡಿನ ಪಕ್ಕ ಒಂದು ಪ್ಲಾಸ್ಟಿಕ್ ಡಬ್ಬಿ ಇದೆ. ಒಳಗೆ 100 ಮಿಲಿಗ್ರಾಂ ಹೈಡ್ರೋಕಾರ್ಟಿಸೋನ್ ಅನ್ನುವ ಸ್ಟೀರಾಯ್ಡ್ ಇಂಜೆಕ್ಷನ್, ಒಂದು ಸಿರಿಂಜು, ಅಕ್ಕನ ಹೆಸರು ಮತ್ತು ಕಾಯಿಲೆ ಬರೆದ ಒಂದು ಚೀಟಿ. ಅಕ್ಕ ಊರಿಗೆ ಹೋದರೆ ಡಬ್ಬಿಯೂ ಜೊತೆಗೆ ಹೋಗುತ್ತದೆ. ಮದುವೆ ಮನೆಗೆ ಹೋದರೂ ಹೋಗುತ್ತದೆ. ಆ ಡಬ್ಬಿ ನಮ್ಮ ಮನೆಗೆ ಹದಿನಾಲ್ಕು ತಿಂಗಳು ತಡವಾಗಿ ಬಂತು. ‘ಅಡ್ರಿನಲ್ ಫಟೀಗ್’, ಅಂದರೆ ಅಡ್ರಿನಲ್ ಗ್ರಂಥಿಗಳ ದಣಿವು, ಅನ್ನುವ ಸುಳ್ಳು ಹೆಸರು ನಂಬಿ ತಡವಾಯಿತು. ಅದು ಹೇಗೆ ಅನ್ನುವುದನ್ನು ನಿಮಗೆ ಹೇಳಬೇಕು ಅಂತ ಈ ಪತ್ರ ಬರೆಯುತ್ತಿದ್ದೇನೆ.

ನಾನು ಬಯಲುಸೀಮೆಯ ಒಂದು ಪ್ರೌಢಶಾಲೆಯಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. ಅಕ್ಕನಿಗೆ ನಲವತ್ತೆರಡು ವರ್ಷ. ಹೊಲ, ಎರಡು ಹಸು, ಇಬ್ಬರು ಮಕ್ಕಳು, ಜೊತೆಗೆ ಬಟ್ಟೆ ಹೊಲಿಯುವ ಕೆಲಸ. ಸುಸ್ತು ಅಂತ ಕೂತವಳೇ ಅಲ್ಲ. ಅಂಥವಳು ಒಂದು ಬೇಸಿಗೆಯಲ್ಲಿ ಬೆಳಿಗ್ಗೆ ಎದ್ದು ಗೋಡೆ ಹಿಡಿದು ನಿಲ್ಲತೊಡಗಿದಳು. ಹಾಲು ಕರೆದು ಬಂದವಳು ಹೊಸಿಲ ಮೇಲೆ ಕೂತುಬಿಡುತ್ತಿದ್ದಳು. ಮೈ ಇಳಿಯಿತು. ಊಟ ಸೇರುತ್ತಿರಲಿಲ್ಲ, ಆದರೆ ಉಪ್ಪಿನಕಾಯಿ ಮಾತ್ರ ಬೇಕೇ ಬೇಕು. ಒಮ್ಮೆ ಅಡುಗೆಮನೆಯಲ್ಲಿ ಒಬ್ಬಳೇ ನಿಂತು ಅಂಗೈಯಲ್ಲಿ ಹರಳುಪ್ಪು ಇಟ್ಟುಕೊಂಡು ನೆಕ್ಕುತ್ತಿದ್ದಳು. ನಾನು ನಕ್ಕುಬಿಟ್ಟೆ. ಆ ನಗು ನೆನಪಾದರೆ ಇವತ್ತಿಗೂ ಸಂಕಟವಾಗುತ್ತದೆ.

ಮೈಬಣ್ಣವೂ ಕಪ್ಪಾಗುತ್ತಾ ಬಂತು. ‘ಬಿಸಿಲಿಗೆ ಕರಕಲಾಗಿದ್ದೀಯಲ್ಲೇ’ ಅಂದರು ನೆಂಟರು. ಬಿಸಿಲು ಅಂಗೈ ಗೆರೆಗಳನ್ನೂ ವಸಡನ್ನೂ ಕಪ್ಪು ಮಾಡುವುದಿಲ್ಲ. ಅದನ್ನು ನಾನು ಗಮನಿಸಲೇ ಇಲ್ಲ.

ನಮ್ಮೂರಿನ ಆಯುರ್ವೇದ ವೈದ್ಯರ ಹತ್ತಿರ ಹೋದೆವು. ಅವರು ನಾಡಿ ನೋಡಿ, ನಾಲಿಗೆ ನೋಡಿ, ‘ನನ್ನ ಔಷಧಿ ಆಮೇಲೆ. ಮೊದಲು ದೊಡ್ಡಾಸ್ಪತ್ರೆಗೆ ಹೋಗಿ ರಕ್ತ ಪರೀಕ್ಷೆ ಮಾಡಿಸಿ’ ಅಂದರು. ಆ ಮಾತು ಕೇಳಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು. ನಾವು ಕೇಳಲಿಲ್ಲ. ಅದೇ ವಾರ ಅಕ್ಕನ ಮಗಳು ಫೋನಿನಲ್ಲಿ ಒಂದು ವಿಡಿಯೋ ತೋರಿಸಿದಳು. ‘ಬೆಳಿಗ್ಗೆ ಏಳಲು ಆಗುವುದಿಲ್ಲವೇ? ಉಪ್ಪು ತಿನ್ನಬೇಕು ಅನಿಸುತ್ತದೆಯೇ? ಮಧ್ಯಾಹ್ನ ಸುಸ್ತಾಗುತ್ತದೆಯೇ? ನಿಮ್ಮ ಅಡ್ರಿನಲ್ ಗ್ರಂಥಿಗಳು ದಣಿದಿವೆ’ ಅಂತ ಒಬ್ಬರು ಚೆಂದದ ಕನ್ನಡದಲ್ಲಿ ಹೇಳುತ್ತಿದ್ದರು. ಹೆಸರಿನ ಹಿಂದೆ ಹಾರ್ಮೋನ್ ತಜ್ಞರು ಎಂದಿತ್ತು. ಅಕ್ಕ ‘ನನ್ನನ್ನೇ ನೋಡಿ ಹೇಳಿದ ಹಾಗಿದೆಯಲ್ಲೇ’ ಅಂದಳು.

ಎಂಜಲು ಪರೀಕ್ಷೆಯ ಕಿಟ್ ಕೊರಿಯರ್‌ನಲ್ಲಿ ಬಂತು. ದಿನಕ್ಕೆ ನಾಲ್ಕು ಸಲ ಎಂಜಲು ತೆಗೆದು ಕಳಿಸಿದೆವು. ಬಣ್ಣಬಣ್ಣದ ಗ್ರಾಫ್ ಇರುವ ರಿಪೋರ್ಟ್ ಬಂತು. ‘ಅಡ್ರಿನಲ್ ಫಟೀಗ್, ಮೂರನೇ ಹಂತ’ ಅಂತ ಬರೆದಿತ್ತು. ಆರು ತಿಂಗಳ ಪ್ಯಾಕೇಜಿಗೆ 38 ಸಾವಿರ ರೂಪಾಯಿ. ಪುಡಿಗಳು, ಕ್ಯಾಪ್ಸೂಲುಗಳು, ವಾರಕ್ಕೊಂದು ಫೋನ್ ಕರೆ. ದಿನಾ ಬೆಳಿಗ್ಗೆ ಕಿತ್ತಳೆ ರಸ, ಎಳನೀರು, ಉಪ್ಪು ಸೇರಿಸಿದ ಒಂದು ಪಾನೀಯ. ಅಕ್ಕ ಒಂದು ಹಸು ಮಾರಿದಳು.

ಉಪ್ಪು ಸೇರುತ್ತಿದ್ದರಿಂದಲೋ ಏನೋ ಎರಡು ವಾರ ಸ್ವಲ್ಪ ಪರವಾಗಿಲ್ಲ ಅನಿಸಿತು. ಆಮೇಲೆ ಮತ್ತೆ ಅದೇ. ‘ವಾಸಿಯಾಗುವ ಮೊದಲು ಹೀಗೇ ಆಗುತ್ತದೆ, ತಾಳ್ಮೆ ಬೇಕು’ ಅಂದರು ಫೋನಿನಲ್ಲಿ. ಪ್ಯಾಕೇಜ್ ಮುಗಿಯಿತು, ಮತ್ತೊಂದು ಶುರುವಾಯಿತು. ಆ ಅಷ್ಟೂ ತಿಂಗಳಲ್ಲಿ ಅಕ್ಕನನ್ನು ಕೂರಿಸಿ, ನಿಲ್ಲಿಸಿ ಯಾರೂ ಬಿಪಿ ನೋಡಲಿಲ್ಲ. ಬಾಯಿ ತೆರೆಸಿ ಯಾರೂ ನೋಡಲಿಲ್ಲ. ‘ಹಿಂದೆ ಟಿಬಿ ಬಂದಿತ್ತಾ’ ಅಂತ ಯಾರೂ ಕೇಳಲಿಲ್ಲ. ಬಂದಿತ್ತು. ಹನ್ನೊಂದು ವರ್ಷದ ಹಿಂದೆ ಬಂದು ವಾಸಿಯಾಗಿತ್ತು.

ಒಂದು ರಾತ್ರಿ ಸಣ್ಣ ಜ್ವರ ಬಂತು. ಜೊತೆಗೆ ವಾಂತಿ. ಬೆಳಗಿನ ಜಾವಕ್ಕೆ ಅಕ್ಕನಿಗೆ ಮಾತು ತೊದಲಿತು, ಆಮೇಲೆ ಎಚ್ಚರ ತಪ್ಪಿತು. ಆಂಬುಲೆನ್ಸ್‌ನಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋದೆವು. ಬಿಪಿ ಮೇಲಿನದು 70, ಕೆಳಗಿನದು 40. ರಕ್ತದಲ್ಲಿ ಸೋಡಿಯಂ ತೀರಾ ಇಳಿದು 118, ಪೊಟ್ಯಾಸಿಯಂ ಏರಿ 6ಕ್ಕಿಂತ ಜಾಸ್ತಿ. ರಾತ್ರಿ ಪಾಳಿಯಲ್ಲಿ ಒಬ್ಬ ಹುಡುಗಿ ಡಾಕ್ಟರ್ ಇದ್ದರು. ಇಪ್ಪತ್ತೈದು ದಾಟಿರಲಿಕ್ಕಿಲ್ಲ. ಅವರು ಟಾರ್ಚ್ ಹಾಕಿ ಅಕ್ಕನ ವಸಡು ನೋಡಿದರು. ಅಂಗೈ ಬಿಡಿಸಿ ಗೆರೆ ನೋಡಿದರು. ರಕ್ತ ತೆಗೆದು ಲ್ಯಾಬಿಗೆ ಕಳಿಸಿ, ರಿಪೋರ್ಟಿಗೆ ಕಾಯದೆ ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಕೊಟ್ಟು ಸಲೈನ್ ಹರಿಸಿದರು. ಮಧ್ಯಾಹ್ನದ ಹೊತ್ತಿಗೆ ಅಕ್ಕ ಕಣ್ಣು ಬಿಟ್ಟು ‘ಹಸು ಕರೆದಿರಾ’ ಅಂತ ಕೇಳಿದಳು.

ಮರುದಿನ ಬಂದ ರಿಪೋರ್ಟಿನಲ್ಲಿ, ಅಡ್ರಿನಲ್ ಗ್ರಂಥಿಗಳು ತಯಾರಿಸುವ ಕಾರ್ಟಿಸಾಲ್ ಅನ್ನುವ ಹಾರ್ಮೋನು ಬರೀ 1.6 ಇತ್ತು. ಜೀವ ಹೋಗುವ ಹೊತ್ತಿನಲ್ಲಿ ಅದು ಗಗನಕ್ಕೆ ಏರಿರಬೇಕಿತ್ತು. ಸ್ಕ್ಯಾನ್‌ನಲ್ಲಿ ಎರಡೂ ಕಡೆಯ ಅಡ್ರಿನಲ್ ಗ್ರಂಥಿಗಳು ಹಾಳಾಗಿದ್ದು ಕಂಡಿತು. ಹಳೆಯ ಟಿಬಿ ಅಲ್ಲಿ ಹೋಗಿ ಕೂತಿತ್ತು. ಕಾಯಿಲೆಯ ಹೆಸರು ಅಡಿಸನ್ಸ್. ಲಂಡನ್ನಿನ ಗೈಸ್ ಆಸ್ಪತ್ರೆಯ ಥಾಮಸ್ ಅಡಿಸನ್ ಅನ್ನುವ ವೈದ್ಯರು 1855ರಲ್ಲೇ ಇದನ್ನು ವಿವರಿಸಿದ್ದರು. ಅವರು ಬರೆದಿಟ್ಟ ಲಕ್ಷಣಗಳು, ಅಂದರೆ ನಿಶ್ಶಕ್ತಿ, ಹೊಟ್ಟೆಯ ತೊಂದರೆ, ಕಪ್ಪಾಗುವ ಚರ್ಮ, ಒಂದೊಂದೂ ನನ್ನ ಅಕ್ಕನ ಮೈಮೇಲಿದ್ದವು.

ಮಾನ್ಯರೇ, ಇಲ್ಲಿ ನಾನು ಪಾಠ ಮಾಡುವವಳ ಹಾಗೆ ಸ್ವಲ್ಪ ವಿವರಿಸುತ್ತೇನೆ, ದಯವಿಟ್ಟು ಬೇಸರ ಮಾಡಿಕೊಳ್ಳಬೇಡಿ. ಈ ಪತ್ರ ಬೇರೆಯವರೂ ಓದುತ್ತಾರೆ. ಅವರಿಗೂ ಇದು ತಿಳಿಯಲಿ.

ಅಡ್ರಿನಲ್ ಗ್ರಂಥಿಗಳು ಎರಡು. ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟ ಹಾಗೆ ಕೂತಿವೆ. ಒಂದೊಂದರ ತೂಕ ಸುಮಾರು 4–5 ಗ್ರಾಂ. ಅವು ತಮ್ಮಷ್ಟಕ್ಕೆ ಕೆಲಸ ಮಾಡುವುದಿಲ್ಲ. ಮೆದುಳಿನ ಬುಡದಲ್ಲಿ ಬಟಾಣಿ ಗಾತ್ರದ ಪಿಟ್ಯುಟರಿ ಗ್ರಂಥಿ ಇದೆ. ಅದು ಎಸಿಟಿಎಚ್ ಅನ್ನುವ ಹಾರ್ಮೋನಿನ ಮೂಲಕ ಆಜ್ಞೆ ಕಳಿಸುತ್ತದೆ. ಅಡ್ರಿನಲ್ ಆ ಆಜ್ಞೆಯಂತೆ ಕಾರ್ಟಿಸಾಲ್ ತಯಾರಿಸುತ್ತದೆ. ಕಾರ್ಟಿಸಾಲ್ ಸಾಕಷ್ಟಾದರೆ ಪಿಟ್ಯುಟರಿ ಸುಮ್ಮನಾಗುತ್ತದೆ. ಕಡಿಮೆಯಾದರೆ ಮತ್ತೆ ಮತ್ತೆ ಕೂಗುತ್ತದೆ. ಅಕ್ಕನ ದೇಹದಲ್ಲಿ ಕೇಳುವ ಗ್ರಂಥಿಯೇ ಹಾಳಾಗಿತ್ತು. ಹಾಗಾಗಿ ಮೇಲಿನಿಂದ ಕೂಗು ಜಾಸ್ತಿಯಾಗುತ್ತಲೇ ಹೋಯಿತು. ಆ ಕೂಗಿನ ಹಾರ್ಮೋನು ಚರ್ಮದಲ್ಲಿ ಬಣ್ಣ ತಯಾರಿಸುವ ಕೋಶಗಳನ್ನೂ ತಟ್ಟಿ ಎಬ್ಬಿಸುತ್ತದೆ. ಅಕ್ಕ ಕಪ್ಪಾಗಿದ್ದು ಹಾಗೆ.

ಕಾರ್ಟಿಸಾಲ್ ಶತ್ರು ಅನ್ನುವ ಹಾಗೆ ಈಗ ಎಲ್ಲರೂ ಮಾತಾಡುತ್ತಾರೆ. ಮುಖ ಸ್ವಲ್ಪ ಊದಿದರೂ ಅದಕ್ಕೆ ಕಾರ್ಟಿಸಾಲ್ ಕಾರಣ ಅನ್ನುತ್ತಾರೆ. ನಿಜ ಏನೆಂದರೆ, ಅದಿಲ್ಲದೆ ನಾವು ಬದುಕುವುದಿಲ್ಲ. ಬೆಳಿಗ್ಗೆ ಎದ್ದ ಅರ್ಧ ಮುಕ್ಕಾಲು ಗಂಟೆಯಲ್ಲಿ ಅದು ಶಿಖರಕ್ಕೇರುತ್ತದೆ. ಸಂಜೆಯಾಗುತ್ತಾ ಇಳಿದು ನಡುರಾತ್ರಿ ತೀರಾ ಕಡಿಮೆಯಾಗುತ್ತದೆ. ಸಂಜೆಯ ಎಂಜಲಿನಲ್ಲಿ ಕಡಿಮೆ ಇದ್ದರೆ ಅದು ಕಾಯಿಲೆ ಅಲ್ಲ, ಹಾಗೇ ಇರಬೇಕು. ರಾತ್ರಿ ಪಾಳಿ ಕೆಲಸದವರಲ್ಲಿ ಈ ಏರಿಳಿತವೇ ಬೇರೆಯಾಗಬಹುದು. ಇದೊಂದನ್ನೂ ಕೇಳದೆ ಗ್ರಾಫ್ ಬರೆದು ‘ಮೂರನೇ ಹಂತ’ ಅಂದರೆ ಅದಕ್ಕೆ ಏನು ಅರ್ಥ? ಎಂಜಲಿನ ಕಾರ್ಟಿಸಾಲ್ ಪರೀಕ್ಷೆಯೇ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಕಾರ್ಟಿಸಾಲ್ ವಿಪರೀತ ಜಾಸ್ತಿಯಾಗುವ ಕುಶಿಂಗ್ಸ್ ಕಾಯಿಲೆಯನ್ನು ಪತ್ತೆ ಮಾಡಲು ತಡರಾತ್ರಿಯ ಎಂಜಲು ಪರೀಕ್ಷೆಯನ್ನು ಹಾರ್ಮೋನ್ ವೈದ್ಯರೇ ಮಾಡಿಸುತ್ತಾರೆ. ಆದರೆ ಅದನ್ನು ‘ದಣಿದ ಅಡ್ರಿನಲ್’ ಪತ್ತೆ ಮಾಡಲು ಬಳಸುವುದಕ್ಕೆ ಆಧಾರ ಇಲ್ಲ.

ಈ ‘ಅಡ್ರಿನಲ್ ಫಟೀಗ್’ ಅನ್ನುವ ಹೆಸರು ಎಲ್ಲಿಂದ ಬಂತು ಅಂತ ನಾನು ಹುಡುಕಿ ಓದಿದೆ. 1998ರಲ್ಲಿ ಜೇಮ್ಸ್ ವಿಲ್ಸನ್ ಅನ್ನುವ ಅಮೆರಿಕದ ಪರ್ಯಾಯ ಚಿಕಿತ್ಸಕರೊಬ್ಬರು ಕೊಟ್ಟ ಹೆಸರು ಅದು. ದೀರ್ಘಕಾಲದ ಒತ್ತಡದಿಂದ ಅಡ್ರಿನಲ್ ದಣಿದು ಕಾರ್ಟಿಸಾಲ್ ಕಡಿಮೆ ಮಾಡುತ್ತದೆ ಅನ್ನುವುದು ವಾದ. ಕೇಳಲು ಸರಿಯೆನಿಸುತ್ತದೆ. ಹೊಲ ಉತ್ತ ಎತ್ತು ದಣಿಯುತ್ತದೆ, ಗ್ರಂಥಿಯೂ ದಣಿಯಬಾರದೇಕೆ ಅಂತ. ಈ ಯೋಚನೆಗೆ ಇನ್ನೂ ಹಳೆಯ ಬೇರು ಇದೆ. ಹನ್ಸ್ ಸೆಲ್ಯೆ ಅನ್ನುವ ವಿಜ್ಞಾನಿ 1936ರಲ್ಲಿ ಇಲಿಗಳ ಮೇಲೆ ಮಾಡಿದ ಪ್ರಯೋಗಗಳನ್ನು ಪ್ರಕಟಿಸಿದರು. ಒತ್ತಡಕ್ಕೆ ದೇಹ ಮೂರು ಹಂತದಲ್ಲಿ ಸ್ಪಂದಿಸುತ್ತದೆ, ಕೊನೆಯದು ಬಳಲಿಕೆಯ ಹಂತ ಅಂದರು. ಅಕ್ಕನ ರಿಪೋರ್ಟಿನ ‘ಮೂರನೇ ಹಂತ’ಕ್ಕೂ ಇದೇ ಮೂಲ ಇರಬೇಕು. ಆದರೆ ಸೆಲ್ಯೆ ಅವರ ಇಲಿಗಳಲ್ಲಿ ಒತ್ತಡದಿಂದ ಅಡ್ರಿನಲ್ ಗ್ರಂಥಿಗಳು ದೊಡ್ಡದಾಗಿದ್ದವು. ಮನುಷ್ಯರಲ್ಲೂ ತೀವ್ರ ನಿಗಾ ಘಟಕದಲ್ಲಿ ಜೀವನ್ಮರಣದ ಹೋರಾಟದಲ್ಲಿರುವವರ ಕಾರ್ಟಿಸಾಲ್ ಸಾಮಾನ್ಯವಾಗಿ ಏರಿರುತ್ತದೆ. ಮನೆಯ ಟೆನ್ಷನ್ನಿಗೆ, ಕೆಲಸದ ಒತ್ತಡಕ್ಕೆ ಅಡ್ರಿನಲ್ ಕೈಚೆಲ್ಲಿ ಕೂರುತ್ತದೆ ಅನ್ನಲು ಪುರಾವೆ ಎಲ್ಲಿದೆ?

ಹುಡುಕಿದವರೂ ಇದ್ದಾರೆ. ಬ್ರೆಜಿಲ್‌ನ ಇಬ್ಬರು ವೈದ್ಯರು 58 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿ 2016ರಲ್ಲಿ ವರದಿ ಪ್ರಕಟಿಸಿದರು. ಅಡ್ರಿನಲ್ ಫಟೀಗ್ ಅನ್ನುವ ಕಾಯಿಲೆಗೆ ಆಧಾರ ಇಲ್ಲ ಅಂತ ಅವರ ತೀರ್ಮಾನ. ಹಾರ್ಮೋನ್ ತಜ್ಞರ ಅಂತರರಾಷ್ಟ್ರೀಯ ಸಂಘವಾದ ಎಂಡೋಕ್ರೈನ್ ಸೊಸೈಟಿಯೂ ಇದನ್ನೇ ಹೇಳಿದೆ. ಅಷ್ಟೇ ಅಲ್ಲ, ಈ ಹೆಸರು ನಂಬಿ ಕೂತರೆ ನಿಜವಾದ ಕಾಯಿಲೆ ಪತ್ತೆಯಾಗುವುದು ತಡವಾಗುತ್ತದೆ ಅಂತಲೂ ಎಚ್ಚರಿಸಿದೆ. ನಮ್ಮ ಮನೆಯಲ್ಲಿ ಆಗಿದ್ದು ಅದೇ ಅಲ್ವಾ?

ಅಕ್ಕನಿಗೆ ಕೊಟ್ಟ ಪಾನೀಯದ ಬಗ್ಗೆ ಇನ್ನೊಂದು ಮಾತು. ಎಳನೀರು ನಮಗೆಲ್ಲ ಅಮೃತ. ಜ್ವರ ಬಂದವರನ್ನು ನೋಡಲು ಹೋಗುವಾಗ ಎಳನೀರು ಹಿಡಿದೇ ಹೋಗುತ್ತೇವೆ. ಆದರೆ ಅದರಲ್ಲಿ ಪೊಟ್ಯಾಸಿಯಂ ಹೇರಳವಾಗಿದೆ. ಅಡಿಸನ್ಸ್ ಇರುವವರ ದೇಹಕ್ಕೆ ಪೊಟ್ಯಾಸಿಯಂ ಸರಿಯಾಗಿ ಹೊರಹಾಕಲು ಆಗುವುದಿಲ್ಲ. ಕಿಡ್ನಿ ಕೆಟ್ಟವರಿಗೂ ಅಷ್ಟೆ. ಪೊಟ್ಯಾಸಿಯಂ ಏರಿದರೆ ಹೃದಯದ ಬಡಿತವೇ ತಪ್ಪಬಹುದು. ಆ ಪಾನೀಯವನ್ನು ಹದಿನಾಲ್ಕು ತಿಂಗಳು ದಿನಾ ಬೆಳಿಗ್ಗೆ ನಾನೇ ಕೈಯಾರೆ ಮಾಡಿ ಕೊಟ್ಟಿದ್ದೇನೆ.

ಕ್ಯಾಪ್ಸೂಲುಗಳ ಕಥೆಯೂ ಹೀಗೇ. ಒಂದೇ ಡಬ್ಬಿಯ ಮೇಲೆ ‘ಕಾರ್ಟಿಸಾಲ್ ಇಳಿಸುತ್ತದೆ’ ಅಂತಲೂ ಇತ್ತು, ‘ದಣಿದ ಅಡ್ರಿನಲ್‌ಗೆ ಬಲ ಕೊಡುತ್ತದೆ’ ಅಂತಲೂ ಇತ್ತು. ಕಡಿಮೆಯಾಗಿದೆ ಅನ್ನುವವರಿಗೇ ಇನ್ನೂ ಇಳಿಸುವ ಔಷಧಿಯೇ? ಅಮೆರಿಕದಲ್ಲಿ ‘ಅಡ್ರಿನಲ್‌ಗೆ ಬಲ’ ಅಂತ ಮಾರುವ 12 ಉತ್ಪನ್ನಗಳನ್ನು ಪರೀಕ್ಷಿಸಿದ ಅಧ್ಯಯನವೊಂದು 2018ರಲ್ಲಿ ಪ್ರಕಟವಾಯಿತು. ಹನ್ನೆರಡರಲ್ಲೂ ಥೈರಾಯ್ಡ್ ಹಾರ್ಮೋನ್ ಸಿಕ್ಕಿತು. ಅರ್ಧಕ್ಕಿಂತ ಜಾಸ್ತಿ ಉತ್ಪನ್ನಗಳಲ್ಲಿ ಸ್ಟೀರಾಯ್ಡ್ ಹಾರ್ಮೋನುಗಳೂ ಸಿಕ್ಕವು. ಗಿಡಮೂಲಿಕೆ, ವಿಟಮಿನ್ ಅಂದುಕೊಂಡು ಜನ ನುಂಗುತ್ತಿದ್ದದ್ದು ಅದನ್ನು. ನಮ್ಮಲ್ಲಿ ಮಾರುವ ಡಬ್ಬಿಗಳನ್ನು ಯಾರು ಪರೀಕ್ಷಿಸುತ್ತಿದ್ದಾರೆ? ಈ ಪ್ರಶ್ನೆಯನ್ನು ನಿಮ್ಮ ಮುಂದೆ ನೇರವಾಗಿ ಇಡುತ್ತಿದ್ದೇನೆ.

ಇನ್ನು, ಅಡ್ರಿನಲ್ ಗ್ರಂಥಿಯನ್ನು ನಿಜವಾಗಿಯೂ ಮಲಗಿಸಿಬಿಡುವ ವಸ್ತು ಒಂದಿದೆ. ಅದು ಸ್ಟೀರಾಯ್ಡ್, ದೇಹದಲ್ಲಿ ಕಾರ್ಟಿಸಾಲ್ ಮಾಡುವ ಕೆಲಸವನ್ನೇ ಮಾಡುವ ಔಷಧಿ. ಅಕ್ಕ ಆಸ್ಪತ್ರೆಯಲ್ಲಿದ್ದ ಒಂಬತ್ತು ದಿನ ನಾನು ಪಕ್ಕದಲ್ಲೇ ಇದ್ದೆ. ಪಕ್ಕದ ಹಾಸಿಗೆಯಲ್ಲಿ ಒಬ್ಬ ಅಜ್ಜಿ. ಮಂಡಿನೋವಿಗೆ ಎರಡು ವರ್ಷದಿಂದ ಊರಿನ ಅಂಗಡಿಯಲ್ಲಿ ಪೊಟ್ಟಣದ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ಪೊಟ್ಟಣದಲ್ಲಿ ಮೂರು ಮಾತ್ರೆ, ಮೇಲೆ ಹೆಸರಿಲ್ಲ. ಮಗ ‘ಇಷ್ಟೊಂದು ಮಾತ್ರೆ ಬೇಡಮ್ಮ’ ಅಂತ ಒಳ್ಳೆಯ ಮನಸ್ಸಿನಿಂದ ಒಂದು ದಿನ ಥಟ್ಟನೆ ನಿಲ್ಲಿಸಿದ. ನಾಲ್ಕನೇ ದಿನಕ್ಕೆ ಅಜ್ಜಿ ಕುಸಿದರು. ಹೊರಗಿನಿಂದ ಸ್ಟೀರಾಯ್ಡ್ ಬರುತ್ತಲೇ ಇದ್ದರೆ ಪಿಟ್ಯುಟರಿ ಆಜ್ಞೆ ನಿಲ್ಲಿಸುತ್ತದೆ, ಅಡ್ರಿನಲ್ ಬಾಡುತ್ತದೆ. ಆಮೇಲೆ ಒಮ್ಮೆಗೇ ನಿಲ್ಲಿಸಿದರೆ ದೇಹಕ್ಕೆ ಬೇಕಾದಷ್ಟು ಕಾರ್ಟಿಸಾಲ್ ಸಿಗುವುದಿಲ್ಲ. ಅದಕ್ಕೇ ವೈದ್ಯರು ವಾರಗಟ್ಟಲೆ ಹಂತಹಂತವಾಗಿ ಇಳಿಸುತ್ತಾರೆ. ಸ್ಟೀರಾಯ್ಡ್ ಒಳ್ಳೆಯ ಔಷಧಿ. ನನ್ನ ಅಕ್ಕ ಬದುಕಿರುವುದೇ ಅದರಿಂದ. ಆದರೆ ಹೆಸರಿಲ್ಲದ ಪೊಟ್ಟಣದಲ್ಲಿ, ‘ದಪ್ಪ ಆಗುವ ಮಾತ್ರೆ’ಯಲ್ಲಿ, ಬೆಳ್ಳಗಾಗುವ ಕ್ರೀಮಿನಲ್ಲಿ, ನಾಟಿ ಪುಡಿ ಅಂತ ಮಾರುವ ಡಬ್ಬಿಯಲ್ಲಿ ಅದು ಇರಬಾರದು. ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಕಾನೂನು ಇದೆ. ನಮ್ಮೂರಿನಲ್ಲಿ ಅದು ಕಾಣುತ್ತಿಲ್ಲ.

ಆ ಒಂಬತ್ತು ದಿನದಲ್ಲಿ ಆ ಡಾಕ್ಟರಮ್ಮ ಬಿಡುವು ಸಿಕ್ಕಾಗ ನನಗೆ ಇನ್ನೆರಡು ಸಂಗತಿ ಹೇಳಿದರು. ಅವು ನನ್ನ ನಿದ್ದೆ ಕೆಡಿಸಿವೆ. ಒಂದು, ಹೆರಿಗೆಯಲ್ಲಿ ವಿಪರೀತ ರಕ್ತ ಹೋದ ತಾಯಂದಿರ ವಿಚಾರ. ಕೆಲವರಲ್ಲಿ ಆಗಲೇ ಪಿಟ್ಯುಟರಿ ಗ್ರಂಥಿಗೆ ರಕ್ತ ಸಿಗದೆ ಅದು ಒಣಗಿಬಿಡುತ್ತದೆ. ಶೀಹನ್ ಸಿಂಡ್ರೋಮ್ ಅನ್ನುತ್ತಾರೆ. ಎದೆಹಾಲು ಬರುವುದಿಲ್ಲ, ಮುಟ್ಟು ಮತ್ತೆ ಆಗುವುದಿಲ್ಲ. ಆಮೇಲೆ ವರ್ಷಗಟ್ಟಲೆ ಸುಸ್ತು, ಚಳಿ, ಕೂದಲು ಉದುರುವುದು. ಇಂಥ ಹೆಂಗಸರು ಹತ್ತು, ಹದಿನೈದು ವರ್ಷ ಪತ್ತೆಯಾಗದೆ ಉಳಿಯುವುದೂ ಇದೆಯಂತೆ. ‘ಬಾಣಂತನ ಸರಿಯಾಗಿ ಆಗಲಿಲ್ಲ, ಅದಕ್ಕೇ ಹೀಗೆ’ ಅಂತ ಮನೆಯವರು ಅಂದುಕೊಂಡಿರುತ್ತಾರೆ. ಇನ್ನೊಂದು, ಕೊಳಕುಮಂಡಲ ಹಾವು ಕಚ್ಚಿ ಬದುಕುಳಿದವರ ವಿಚಾರ. ಆ ವಿಷವೂ ಕೆಲವರಲ್ಲಿ ಪಿಟ್ಯುಟರಿಯನ್ನು ಕೆಡಿಸುತ್ತದೆ. ಗಾಯ ಒಣಗಿ, ಕಿಡ್ನಿ ಸುಧಾರಿಸಿ ಮನೆಗೆ ಹೋದ ರೈತನಿಗೆ ತಿಂಗಳುಗಳ ನಂತರ ಮೈಯಲ್ಲಿ ಶಕ್ತಿಯೇ ಇಲ್ಲದ ಹಾಗಾಗುತ್ತದೆ. ‘ಸೋಮಾರಿ ಆಗಿದ್ದಾನೆ’ ಅನ್ನುತ್ತಾರೆ ಜನ. ನಮ್ಮ ರಾಜ್ಯ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕು ಅಂತ ಆದೇಶ ಮಾಡಿತು. ಅದು ದೊಡ್ಡ ಕೆಲಸ. ಆದರೆ ಕಚ್ಚಿದ ದಿನದ ಲೆಕ್ಕ ಇಟ್ಟರೆ ಸಾಲದು. ಆರು ತಿಂಗಳ ನಂತರ ಆ ಮನುಷ್ಯ ಹೇಗಿದ್ದಾನೆ ಅಂತಲೂ ಯಾರಾದರೂ ಕೇಳಬೇಕು.

ಸುಸ್ತು ಅನ್ನುವವರೆಲ್ಲರಿಗೂ ಅಡಿಸನ್ಸ್ ಇರುತ್ತದೆ ಅಂತ ಹೆದರಿಸುವುದು ನನ್ನ ಉದ್ದೇಶ ಅಲ್ಲ. ಅದು ಅಪರೂಪದ ಕಾಯಿಲೆ. ಸುಸ್ತಿಗೆ ಜಾಸ್ತಿ ಸಲ ಕಾರಣವಾಗುವುದು ನಮ್ಮ ಕಣ್ಣೆದುರೇ ಇರುವ ಸಂಗತಿಗಳು. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನಲ್ಲಿ ದೇಶದ 15ರಿಂದ 49 ವರ್ಷದ ಹೆಂಗಸರಲ್ಲಿ ಶೇ 57ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಕರ್ನಾಟಕದಲ್ಲಿ ಶೇ 47.8. ಅಂದರೆ ನಮ್ಮ ಬಸ್‌ಸ್ಟಾಂಡಿನಲ್ಲಿ ನಿಂತ ಹೆಂಗಸರಲ್ಲಿ ಹತ್ತಿರಹತ್ತಿರ ಅರ್ಧ ಮಂದಿ. ಥೈರಾಯ್ಡ್, ಸಕ್ಕರೆ ಕಾಯಿಲೆ, ಬಿ12 ಕೊರತೆ, ಟಿಬಿ, ರಾತ್ರಿ ಗೊರಕೆಯಲ್ಲಿ ಉಸಿರು ಕಟ್ಟುವುದು, ಖಿನ್ನತೆ, ಇವೆಲ್ಲ ಸುಸ್ತು ತರುತ್ತವೆ. ಸುಮ್ನೆ ನಿದ್ದೆ ಸಾಲದೇ ಇರುವುದೂ ತರುತ್ತದೆ. ಗಂಡ, ಮಕ್ಕಳು, ಅತ್ತೆ, ಹಸು, ಎಲ್ಲರದ್ದೂ ಆದ ಮೇಲೆ ಊಟ ಮಾಡಿ, ಎಲ್ಲರಿಗಿಂತ ಮೊದಲು ಏಳುವ ಹೆಂಗಸಿಗೆ ಸುಸ್ತಾಗುವುದು ಆಶ್ಚರ್ಯವೇ? ಒತ್ತಡದಿಂದ ಸುಸ್ತಾಗುತ್ತದೆ ಅನ್ನುವುದು ಸುಳ್ಳಲ್ಲ. ಅದರಿಂದ ನಿದ್ದೆ ಕೆಡುತ್ತದೆ, ಊಟ ಕೆಡುತ್ತದೆ, ಮನಸ್ಸು ಕುಗ್ಗುತ್ತದೆ. ಆದರೆ ಅದರಿಂದ ಗ್ರಂಥಿ ಬತ್ತಿಹೋಗುತ್ತದೆ ಅನ್ನುವುದು ಮಾತ್ರ ಸುಳ್ಳು.

ಆ ವಿಡಿಯೋದವರ ಮೇಲೆ ನನಗೆ ಕೋಪ ಇದೆ. ಆದರೂ ಒಂದು ಮಾತು ಪ್ರಾಮಾಣಿಕವಾಗಿ ಹೇಳಬೇಕು. ನಿಮ್ಮ ಸುಸ್ತು ನಿಜ ಅಂತ ನನ್ನ ಅಕ್ಕನಿಗೆ ಮೊದಲು ಬಾಯಿಬಿಟ್ಟು ಹೇಳಿದವರು ಅವರೇ. ಅದಕ್ಕೂ ಮೊದಲು ಒಂದು ಖಾಸಗಿ ಕ್ಲಿನಿಕ್ಕಿನಲ್ಲಿ ಎರಡು ನಿಮಿಷ ನೋಡಿ ‘ಏನೂ ಇಲ್ಲಮ್ಮ, ಟಾನಿಕ್ ಬರೆದಿದ್ದೀನಿ’ ಅಂದಿದ್ದರು. ಫೋನಿನ ಆಚೆಯಿಂದ ಒಬ್ಬರು ‘ನಿಮಗೆ ಸುಸ್ತಾಗುತ್ತಿರುವುದು ನಿಜ’ ಅಂದಾಗ ಅಕ್ಕನ ಕಣ್ಣಲ್ಲಿ ನೀರು ಬಂತು. 38 ಸಾವಿರಕ್ಕೆ ಅವಳು ಕೊಂಡದ್ದು ಆ ಮಾತನ್ನು. ಸರ್ಕಾರಿ ಆಸ್ಪತ್ರೆಯಲ್ಲಿ ಆ ಮಾತು ಬಿಟ್ಟಿಯಾಗಿ ಸಿಗುವಂತಾದರೆ ಸುಳ್ಳು ಹೆಸರಿನ ಅಂಗಡಿಗಳು ಅರ್ಧ ಮುಚ್ಚುತ್ತವೆ ಅಂತ ನನ್ನ ನಂಬಿಕೆ.

ಹಾಗಾಗಿ, ಮಾನ್ಯರೇ, ನನ್ನ ಮೊದಲ ವಿನಂತಿ ಇದೇ. ಸುಸ್ತು ಅಂತ ಬಂದವರನ್ನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಸರ್ಕಾರದ ‘ನಮ್ಮ ಕ್ಲಿನಿಕ್’ಗಳಲ್ಲಿ ಕೂರಿಸಿ ಕೇಳುವ ವ್ಯವಸ್ಥೆ ಮಾಡಿಸಿ. ಹಿಮೋಗ್ಲೋಬಿನ್, ಸಕ್ಕರೆ, ಥೈರಾಯ್ಡ್ ನೋಡಲಿ. ಕೂರಿಸಿ ಒಮ್ಮೆ, ನಿಲ್ಲಿಸಿ ಒಮ್ಮೆ ಬಿಪಿ ನೋಡಲಿ. ತೂಕ ಇಳಿದಿದೆಯಾ, ಬಣ್ಣ ಬದಲಾಗಿದೆಯಾ, ಉಪ್ಪು ಬೇಕೆನಿಸುತ್ತದಾ, ಟಿಬಿ ಬಂದಿತ್ತಾ, ಹೆರಿಗೆಯಲ್ಲಿ ತುಂಬಾ ರಕ್ತ ಹೋಗಿತ್ತಾ, ಹಾವು ಕಚ್ಚಿತ್ತಾ, ಹೆಸರಿಲ್ಲದ ಮಾತ್ರೆ ತಿನ್ನುತ್ತಿದ್ದೀರಾ ಅಂತ ಕೇಳಲಿ. ಈ ಪ್ರಶ್ನೆಗಳಿಗೆ ಐದು ನಿಮಿಷ ಸಾಕು. ಆಶಾ ಕಾರ್ಯಕರ್ತೆಯರಿಗೆ ಇವನ್ನು ಕಲಿಸಿದರೆ ಅವರು ನಮಗಿಂತ ಚೆನ್ನಾಗಿ ಕೇಳುತ್ತಾರೆ, ಅವರಿಗೆ ಪ್ರತಿ ಮನೆಯ ಬಾಣಂತನವೂ ಗೊತ್ತು. ಮನಸ್ಸಿನ ಭಾರದಿಂದ ಬಳಲುತ್ತಿರುವವರಿಗೆ 14416 ಟೆಲಿ ಮನಸ್ ಸಹಾಯವಾಣಿ ಇದೆ ಅಂತ ಹೇಳಿಕೊಡಲಿ. ಅದರ ಹಿಂದೆ ನಮ್ಮ ನಿಮ್ಹಾನ್ಸ್ ಸಂಸ್ಥೆಯೇ ಇದೆ, ಆದರೂ ನಮ್ಮ ಕಡೆ ಎಷ್ಟೋ ಜನಕ್ಕೆ ಆ ನಂಬರೇ ಗೊತ್ತಿಲ್ಲ.

ಅನುಮಾನ ಬಂದವರಿಗೆ ಬೆಳಿಗ್ಗೆ ಎಂಟು ಗಂಟೆಯ ರಕ್ತದ ಕಾರ್ಟಿಸಾಲ್ ಪರೀಕ್ಷೆ ಜಿಲ್ಲೆಯಲ್ಲೇ ಆಗಬೇಕು. ಅದು (ಡೆಸಿಲೀಟರಿಗೆ ಮೈಕ್ರೋಗ್ರಾಂ ಲೆಕ್ಕದಲ್ಲಿ) 3ಕ್ಕಿಂತ ಕಡಿಮೆ ಇದ್ದರೆ ಅಡ್ರಿನಲ್ ಕೊರತೆ ಬಹುತೇಕ ಖಚಿತ, 15 ದಾಟಿದ್ದರೆ ಸಾಮಾನ್ಯವಾಗಿ ಚಿಂತೆಯಿಲ್ಲ, ನಡುವೆ ಇದ್ದರೆ ಎಸಿಟಿಎಚ್ ಇಂಜೆಕ್ಷನ್ ಕೊಟ್ಟು ಗ್ರಂಥಿ ಸ್ಪಂದಿಸುತ್ತದೆಯೇ ಅಂತ ನೋಡುವ ಪರೀಕ್ಷೆ ಇದೆ ಅಂತ ನಮಗೆ ವೈದ್ಯರು ತಿಳಿಸಿದರು. ‘ದಣಿದ ಅಡ್ರಿನಲ್’ ಪ್ಯಾಕೇಜಿಗೆ ಕೊಟ್ಟ ಹಣದ ಮುಂದೆ ಈ ರಕ್ತ ಪರೀಕ್ಷೆಯ ಖರ್ಚು ಏನೇನೂ ಅಲ್ಲ.

ಹೈಡ್ರೋಕಾರ್ಟಿಸೋನ್ ಇಂಜೆಕ್ಷನ್ ಪ್ರತಿ ತಾಲ್ಲೂಕು ಆಸ್ಪತ್ರೆಯ ತುರ್ತು ಕೊಠಡಿಯಲ್ಲಿ, ಪ್ರತಿ ಆಂಬುಲೆನ್ಸ್‌ನಲ್ಲಿ ಸದಾ ಇರಲಿ. ಅಡ್ರಿನಲ್ ಕೊರತೆ ಇರುವವರಿಗೆ, ದೀರ್ಘಕಾಲ ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಕನ್ನಡದಲ್ಲಿ ಅಚ್ಚು ಹಾಕಿದ ಒಂದು ಕಾರ್ಡ್ ಕೊಡಿ. ‘ಮಾತ್ರೆ ಒಮ್ಮೆಗೇ ನಿಲ್ಲಿಸಬೇಡಿ, ಜ್ವರ ಬಂದರೆ ಡೋಸ್ ಜಾಸ್ತಿ ಮಾಡಬೇಕು, ವಾಂತಿಯಾದರೆ ಇಂಜೆಕ್ಷನ್ ಬೇಕು’ ಅಂತ ಅದರಲ್ಲಿರಲಿ. ಅಕ್ಕನ ಡಬ್ಬಿಯಲ್ಲಿರುವ ಚೀಟಿಯನ್ನು ನಾನು ಕೈಯಲ್ಲಿ ಬರೆದಿದ್ದೇನೆ. ಟಿಬಿಗೆ ಕೊಡುವ ರಿಫಾಂಪಿಸಿನ್ ಮಾತ್ರೆ ದೇಹದಲ್ಲಿ ಕಾರ್ಟಿಸಾಲನ್ನು ಬೇಗ ಕರಗಿಸುತ್ತದೆ, ಹಾಗಾಗಿ ಟಿಬಿಗೆ ನೋಡುವ ವೈದ್ಯರೂ ಹಾರ್ಮೋನ್ ವೈದ್ಯರೂ ಒಬ್ಬರಿಗೊಬ್ಬರು ತಿಳಿಸಿ ಡೋಸ್ ಹೊಂದಿಸಬೇಕು ಅನ್ನುವುದನ್ನೂ ಬರೆದಿದ್ದೇನೆ. ಓದು ಬಾರದ ಮನೆಗೆ ಇದನ್ನೆಲ್ಲ ಯಾರು ಬರೆದುಕೊಡುತ್ತಾರೆ?

ಕೊನೆಯದಾಗಿ ಜಾಹೀರಾತುಗಳ ವಿಚಾರ. ಕಾನೂನು ಇಲ್ಲ ಅಂತಲ್ಲ. ಔಷಧಿಗಳ ಸುಳ್ಳು ಜಾಹೀರಾತಿನ ವಿರುದ್ಧ 1954ರಿಂದಲೇ ಕಾಯ್ದೆ ಇದೆ. ಆಹಾರ ಪೂರಕಗಳ ಡಬ್ಬಿಯ ಮೇಲೆ ಕಾಯಿಲೆ ವಾಸಿ ಮಾಡುತ್ತದೆ ಅಂತ ಬರೆಯುವ ಹಾಗಿಲ್ಲ. 2019ರ ಗ್ರಾಹಕ ರಕ್ಷಣಾ ಕಾಯ್ದೆ ಸುಳ್ಳು ಜಾಹೀರಾತಿಗೆ ದಂಡ ಹಾಕುತ್ತದೆ. ಆರೋಗ್ಯದ ಬಗ್ಗೆ ವಿಡಿಯೋ ಮಾಡುವವರು ತಾವು ವೈದ್ಯರೇ, ಅಲ್ಲವೇ ಅಂತ ಸ್ಪಷ್ಟಪಡಿಸಬೇಕು ಅಂತ ಕೇಂದ್ರ ಸರ್ಕಾರ 2023ರ ಆಗಸ್ಟ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಆದರೆ ನನ್ನಂಥವಳು ದೂರು ಕೊಡಬೇಕಾದರೆ ಎಲ್ಲಿಗೆ ಹೋಗಬೇಕು? ನಾನು ಮೂರು ಕಚೇರಿ ಅಲೆದೆ. ಇದು ಔಷಧಿ ಅಲ್ಲ, ಆಹಾರ ಅಂದರು ಒಂದು ಕಡೆ. ಆಹಾರ ಅಲ್ಲ, ಸಲಹೆ ಅಂದರು ಇನ್ನೊಂದು ಕಡೆ. ಬೇರೆ ಊರಿನ ಕಂಪನಿ, ನಮಗೆ ಬರುವುದಿಲ್ಲ ಅಂದರು ಮತ್ತೊಂದು ಕಡೆ. ಪ್ರತಿ ಜಿಲ್ಲೆಯಲ್ಲಿ, ಕನ್ನಡದಲ್ಲಿ, ಒಂದೇ ಕಡೆ ದೂರು ಕೊಡುವ ಜಾಗ ಮಾಡಿ. ಆಹಾರ, ಔಷಧಿ, ಗ್ರಾಹಕ ಇಲಾಖೆಯವರು ಆಮೇಲೆ ತಮ್ಮತಮ್ಮಲ್ಲಿ ಹಂಚಿಕೊಳ್ಳಲಿ. ‘ಅಡ್ರಿನಲ್ ಬಲ’, ‘ಕಾರ್ಟಿಸಾಲ್ ಡಿಟಾಕ್ಸ್’ ಅಂತ ಮಾರುವ ಡಬ್ಬಿಗಳ ಮಾದರಿ ತೆಗೆದು ಸರ್ಕಾರಿ ಪ್ರಯೋಗಾಲಯದಲ್ಲಿ ಹಾರ್ಮೋನ್, ಸ್ಟೀರಾಯ್ಡ್ ಇದೆಯೇ ಅಂತ ಪರೀಕ್ಷೆ ಮಾಡಿಸಿ, ಫಲಿತಾಂಶವನ್ನು ಜನರ ಮುಂದಿಡಿ.

ನನಗೆ ನಷ್ಟದ ಹಣ ಬೇಡ. ಅಕ್ಕನೂ ಕೇಳಿಲ್ಲ. ಈಗ ಅವಳು ಬೆಳಿಗ್ಗೆ ಎದ್ದು ಮೊದಲು ಮಾತ್ರೆ ನುಂಗುತ್ತಾಳೆ, ಮಧ್ಯಾಹ್ನ ಒಂದು, ಸಂಜೆಗೆ ಅರ್ಧ. ಉಪ್ಪನ್ನು ಹಿಡಿದಿಡುವ ಇನ್ನೊಂದು ಮಾತ್ರೆಯೂ ಇದೆ, ಅದು ಎಲ್ಲ ಅಂಗಡಿಯಲ್ಲಿ ಸಿಗುವುದಿಲ್ಲ, ಮುಂಚೆಯೇ ಹೇಳಿ ತರಿಸಬೇಕು. ಬಣ್ಣ ನಿಧಾನವಾಗಿ ತಿಳಿಯಾಗುತ್ತಿದೆ. ಹೊಲಿಗೆ ಯಂತ್ರದ ಸದ್ದು ಮತ್ತೆ ಕೇಳುತ್ತಿದೆ. ಮೊನ್ನೆ ಪಕ್ಕದ ಬೀದಿಯ ಹುಡುಗಿಯೊಬ್ಬಳು ಬಂದು, ‘ಆಂಟಿ, ನಮ್ಮಮ್ಮನಿಗೂ ಅಡ್ರಿನಲ್ ಫಟೀಗ್ ಅಂತೆ, ನಿಮಗಿದ್ದದ್ದೂ ಅದೇ ಅಲ್ವಾ’ ಅಂದಳು. ಅಕ್ಕ ಹೊಲಿಗೆ ನಿಲ್ಲಿಸಿ, ಅವಳ ಅಮ್ಮನನ್ನು ಕರೆಸಿ, ಕಿಟಕಿಯ ಬೆಳಕಿನಲ್ಲಿ ಕಣ್ಣಿನ ರೆಪ್ಪೆ ಎಳೆದು ನೋಡಿದಳು. ಒಳಗೆ ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು. ಮರುದಿನ ನಾನೇ ಆರೋಗ್ಯ ಕೇಂದ್ರಕ್ಕೆ ಕರೆದುಕೊಂಡು ಹೋದೆ. ಹಿಮೋಗ್ಲೋಬಿನ್ 6.8.

ಆ ಹೆಂಗಸಿನ ಮನೆಯಲ್ಲಿ ಅದೇ ಪ್ಯಾಕೇಜಿನ ಡಬ್ಬಿ ಇದೆ. ಇನ್ನೂ ನಾಲ್ಕು ಕಂತು ಕಟ್ಟಬೇಕಂತೆ. ನೀವು ಪರೀಕ್ಷೆಗೆ ಕೇಳಿದರೆ ಆ ಡಬ್ಬಿಯನ್ನೂ, ಅಕ್ಕನ ಮನೆಯಲ್ಲಿ ಉಳಿದಿರುವ ಎರಡು ಡಬ್ಬಿಗಳನ್ನೂ, ಎಂಜಲು ಪರೀಕ್ಷೆಯ ರಿಪೋರ್ಟನ್ನೂ ನಾನೇ ಬೆಂಗಳೂರಿಗೆ ತಂದು ಒಪ್ಪಿಸುತ್ತೇನೆ. ನಿಮ್ಮ ಉತ್ತರಕ್ಕಾಗಿ ಕಾಯುತ್ತಿರುತ್ತೇನೆ.

ಗೌರವದೊಂದಿಗೆ,

ಒಬ್ಬ ವಿಜ್ಞಾನ ಶಿಕ್ಷಕಿ,
ಅಡಿಸನ್ಸ್ ಕಾಯಿಲೆಯವಳ ತಂಗಿ